ಊರೆಲ್ಲ ಒಪ್ಪಿದರೆ ಕೆಡುಕು ಒಳಿತಾಗುವುದೇ?

ಒಳಿತು ಕೆಡುಕುಗಳೆಂಬುವು ಮನುಷ್ಯನ ಅಭಿಪ್ರಾಯಕ್ಕೆ ಹೊರತಾದ ಸತ್ಯಗಳೇ ಅಥವಾ ನಾವೇ ಮಾಡಿಕೊಂಡ ಕಟ್ಟಳೆಗಳೇ? ಆಧುನಿಕ ನೀತಿಶಾಸ್ತ್ರವನ್ನು ಬಹುವಾಗಿ ಕಾಡಿದ ಪ್ರಶ್ನೆಯಿದು. ನೈತಿಕ ಮಾತುಗಳು ಭಾವನೆಯ ಪ್ರಕಟಣೆಗಳಷ್ಟೇ ಎಂದು 1936ರಲ್ಲಿ ಎ. ಜೆ. ಏಯರ್ ವಾದಿಸಿದರು. ವಸ್ತುನಿಷ್ಠ ಮೌಲ್ಯಗಳೇ ಇಲ್ಲವೆಂದು 1977ರಲ್ಲಿ ಜೆ. ಎಲ್. ಮ್ಯಾಕಿ ಬರೆದರು. ದೇವರನ್ನು ಆಧಾರವಾಗಿ ಇಟ್ಟುಕೊಳ್ಳದ ಡೆರೆಕ್ ಪಾರ್ಫಿಟ್ ಕೂಡ 2011ರಲ್ಲಿ ಇದನ್ನು ಅಲ್ಲಗಳೆದು, ನೈತಿಕ ಸತ್ಯಗಳು ನಮ್ಮ ಇಷ್ಟಾನಿಷ್ಟಗಳನ್ನು ಅವಲಂಬಿಸಿಲ್ಲವೆಂದು ಪ್ರತಿಪಾದಿಸಿದರು.

ಗೋವಿನಕೋವಿಯಂತಹ ಹಳ್ಳಿಯಲ್ಲಿರುವ ನಮಗೆ ಈ ಚರ್ಚೆಯೇಕೆ ಎಂದು ಕೇಳಬಹುದು. ನನಗೆ ಇದು ಎದುರಾಗುವುದು ನಿಕಾಹ್‌ನ ಮಾತುಕತೆಗಳಲ್ಲಿ. ವಧುವಿಗೆ ಮನಃಪೂರ್ವಕವಾಗಿ ಮಹರ್ ನೀಡಬೇಕೆಂದು ಕುರ್‌ಆನ್ (4:4) ವಿಧಿಸಿದೆ. ಆದರೆ ಮಹರ್ ಹೆಸರಿಗೆ ಮಾತ್ರ ದಾಖಲಾಗಿ, ಬಂಗಾರ, ಬೈಕು, ನಗದು ವಧುವಿನ ಮನೆಯಿಂದ ಬರುವುದನ್ನು ಕಂಡಿದ್ದೇನೆ. ವರದಕ್ಷಿಣೆ ನಿಷೇಧ ಕಾಯಿದೆ 1961ರಿಂದಲೇ ಇದೆ. ಆದರೂ ಕೇಳಿದರೆ, “ಎಲ್ಲರೂ ಮಾಡುವುದೇ ತಾನೇ, ಅವರಾಗಿಯೇ ಕೊಡುತ್ತಾರೆ” ಎಂಬ ಉತ್ತರ ಸಿದ್ಧವಿರುತ್ತದೆ.

ಈ ಉತ್ತರದ ಹಿಂದಿರುವುದು ನೈತಿಕ ಸಾಪೇಕ್ಷವಾದವೇ. ಸಮಾಜ ಒಪ್ಪಿದ್ದೇ ನೀತಿಯಾದರೆ, ಮಗಳ ಮದುವೆಗಾಗಿ ಹೊಲ ಮಾರಿದ ತಂದೆಗೆ ಅನ್ಯಾಯವಾಯಿತೆಂದು ಹೇಳಲು ನೆಲೆಯೇ ಇರದು. ಹೆಣ್ಣುಶಿಶುಗಳನ್ನು ಜೀವಂತ ಹೂಳುವ ಅರಬರ ರೂಢಿಯನ್ನು ಪ್ರವಾದಿವರ್ಯರು(ಸ) ವಿರೋಧಿಸಿದಾಗ ಬಹುಮತ ಅವರ ಜೊತೆಗಿರಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಜಾತಿಯ ಮೇಲುಕೀಳನ್ನು ಪ್ರಶ್ನಿಸಿದ ಬಸವಣ್ಣನವರ ಕಡೆಗೂ ರೂಢಿ ಇರಲಿಲ್ಲ. ರೂಢಿಗಿಂತ ಮೇಲಾದ ಸತ್ಯವೊಂದು ಇಲ್ಲದಿದ್ದರೆ ಯಾವ ಸುಧಾರಣೆಗೂ ಅರ್ಥವಿಲ್ಲ.

ಒಳಿತನ್ನು ವಿವೇಕದಿಂದಲೇ ಅರಿಯಬಹುದೆಂದು ಮುಅ್‌ತಝಿಲಾ ಚಿಂತಕರು ಹೇಳಿದರು. ದೈವಾಜ್ಞೆಯೇ ಅದನ್ನು ನಿರ್ಧರಿಸುತ್ತದೆಂದು ಅಶ್‌ಅರೀ ವಿದ್ವಾಂಸರು ವಾದಿಸಿದರು. ಹನಫೀಗಳಲ್ಲಿ ಬಹುತೇಕರು ಅನುಸರಿಸುವ ಮಾತುರೀದೀ ಪಂಥವು, ಕೆಲವು ಒಳಿತು ಕೆಡುಕುಗಳನ್ನು ವಿವೇಕವೂ ಗುರುತಿಸಬಲ್ಲದೆಂದಿತು. ಭಿನ್ನಾಭಿಪ್ರಾಯ ಆಳವಾದುದು. ಆದರೂ ಇವರಲ್ಲಿ ಯಾರೂ ಒಳಿತಿನ ನಿರ್ಣಯವನ್ನು ಜನರ ರೂಢಿಗೆ ಬಿಟ್ಟುಕೊಡಲಿಲ್ಲ.

ನಮ್ಮಲ್ಲಿ ವಸ್ತುನಿಷ್ಠ ಸತ್ಯವಿದೆಯೆಂದು ಹೆಮ್ಮೆಪಡುವುದು ಸುಲಭ. ಆದರೆ ನ್ಯಾಯದ ಪರ ನಿಲ್ಲುವಾಗ ಸ್ವತಃ ನಮಗೆ, ನಮ್ಮ ತಂದೆತಾಯಿಗೆ, ಬಂಧುಗಳಿಗೆ ಅದು ಪ್ರತಿಕೂಲವಾದರೂ ಹಿಂಜರಿಯಬಾರದೆಂಬುದು ಕುರ್‌ಆನಿನ (4:135) ಬೋಧನೆ. ಆ ತಕ್ಕಡಿಯಲ್ಲಿ ಮೊದಲು ತೂಗಬೇಕಾದುದು ನಮ್ಮನ್ನೇ.

ನನ್ನ ಮಗನೂ ಮದುವೆಯ ವಯಸ್ಸಿಗೆ ಬಂದಿದ್ದಾನೆ. “ನಿಮ್ಮ ಅಪೇಕ್ಷೆ ಏನು?” ಎಂದು ಹೆಣ್ಣಿನ ಕಡೆಯವರು ಸಂಕೋಚದಿಂದ ಕೇಳುವ ದಿನ ದೂರವಿಲ್ಲ. “ಏನೂ ಬೇಡ; ಮಹರ್ ಎಷ್ಟೆಂದು ನಿಮ್ಮ ಮಗಳೇ ಹೇಳಲಿ” ಎನ್ನುವ ಸ್ಥೈರ್ಯವನ್ನು ಆ ದಿನ ಅಲ್ಲಾಹನು ನಮ್ಮ ಮನೆಗೆ ಕರುಣಿಸಲಿ. ಆಮೀನ್.