ಬಿಸಿಲಿಗೆ ಹುಳಿ ಬರುವ ಗಾಳಿ

ಚಳಿಗಾಲದಲ್ಲಿ ರಾತ್ರಿಯೆಲ್ಲ ಇಟ್ಟರೂ ಉಬ್ಬದ ದೋಸೆ ಹಿಟ್ಟು ಏಪ್ರಿಲ್ ತಿಂಗಳಲ್ಲಿ ನಾಲ್ಕೈದು ತಾಸಿನಲ್ಲೇ ಹುಳಿ ಬರುತ್ತದೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಪೇಟೆಯ ಗಾಳಿಯೂ ಹೀಗೇ ಬಿಸಿಲಿಗೆ ಕೆಡುತ್ತದೆ ಎಂದರೆ ನಂಬುತ್ತೀರೇನ್ರಿ, ಸೋದರಿಯರೇ?

ನಮ್ಮದು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿ. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಅವಳಿಗೆ ಸಣ್ಣಂದಿನಿಂದಲೂ ಉಬ್ಬಸ. "ಯವ್ವಾ, ಥಂಡಿಯೊಳಗ ದಮ್ಮು ಹತ್ತೋದು ಖರೆ. ಸುಡು ಬಿಸಲಾಗೂ ಯಾಕ ಹತ್ತತೈತಿ? ಹೊಗಿ ಕಾಣಂಗಿಲ್ಲ, ಏನಿಲ್ಲ" ಎಂದಳು. ಡಾಕ್ಟರು ತಿಳಿಸಿ ಹೇಳಿದ ಮೇಲೆ ನನಗೂ ಅರ್ಥವಾಯಿತು.

ಗಾಡಿಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳಿರುತ್ತವೆ. ಪೆಟ್ರೋಲು, ಬಣ್ಣ, ಥಿನ್ನರ್ ಇವುಗಳಿಂದ ಆವಿ ಏಳುತ್ತದೆ; ಸೆಕೆ ಏರಿದಷ್ಟೂ ಆವಿ ಹೆಚ್ಚು. ಇವೆರಡೂ ಬಿಸಿಲಿನಲ್ಲಿ ಕೂಡಿದಾಗ ಓಝೋನ್ ಹುಟ್ಟುತ್ತದೆ. ಆಕಾಶದಲ್ಲಿ ಬಲು ಎತ್ತರದಲ್ಲಿದ್ದು ಸೂರ್ಯನ ಕೆಟ್ಟ ಕಿರಣ ತಡೆಯುವುದೂ ಇದೇ ಓಝೋನ್. ಆದರೆ ನೆಲದ ಮೇಲೆ ನಮ್ಮ ಉಸಿರಿಗೆ ಸೇರಿದರೆ ಗಂಟಲು ಕೆರೆಯುತ್ತದೆ, ಎದೆ ಬಿಗಿಯುತ್ತದೆ, ಉಬ್ಬಸ ಕೆರಳುತ್ತದೆ. ಎಂಟು ತಾಸಿನ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದಲ್ಲಿ 2009ರಲ್ಲಿ ಮಿತಿ ಹಾಕಿದ್ದಾರೆ.

ಧೂಳಿನ ಕಾಟ ಬೇರೆ. ಕೇಂದ್ರ ಸರ್ಕಾರ 2019ರಲ್ಲಿ ಶುದ್ಧ ಗಾಳಿಯ ಕಾರ್ಯಕ್ರಮ ಆರಂಭಿಸಿದಾಗ, ಗಾಳಿ ಸುಧಾರಿಸಬೇಕಾದ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಯ ಜೊತೆ ನಮ್ಮ ಹುಬ್ಬಳ್ಳಿ-ಧಾರವಾಡವೂ ಇತ್ತು. ಬಿಸಿಲಿಗೆ ನೆಲ ಒಣಗಿದಷ್ಟೂ ಧೂಳು ಏಳುವುದು ಸುಲಭ.

"ನಾವು ಹಳ್ಳಿಯವರು, ನಮಗೇನು?" ಎನ್ನಬೇಡಿ. ಪೇಟೆಯಲ್ಲಿ ಹುಟ್ಟಿದ ಓಝೋನ್ ಗಾಳಿ ಬೀಸಿದ ಕಡೆ ಹೊಲಗಳ ಮೇಲೂ ಬರುತ್ತದೆ. ಗೋಧಿ, ಸೋಯಾ ಬೆಳೆಗಳ ಇಳುವರಿಗೂ ಇದು ಪೆಟ್ಟು.

ಮನೆಯಲ್ಲಿ ನಾವು ಮಾಡಬಹುದಾದದ್ದೂ ಉಂಟು. ಈ ಓಝೋನ್ ಮಧ್ಯಾಹ್ನ ಏರಿ, ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂತೆ, ಪೇಟೆಯ ಕೆಲಸ ಮುಂಜಾನೆಯೇ ಮುಗಿಸಿರಿ. ಮಕ್ಕಳನ್ನು ಮಧ್ಯಾಹ್ನ ಬಯಲಲ್ಲಿ ಆಡಲು ಬಿಡಬೇಡಿ. ಬಟ್ಟೆಯ ಮಾಸ್ಕ್ ಧೂಳನ್ನು ಅಷ್ಟಿಷ್ಟು ತಡೆದೀತು, ಈ ಅನಿಲವನ್ನು ತಡೆಯದು. ಗಾಡಿಗೆ ಪೆಟ್ರೋಲನ್ನು ತಂಪು ಹೊತ್ತಿನಲ್ಲಿ ಹಾಕಿಸಲು ಯಜಮಾನರಿಗೆ ಹೇಳಿರಿ. ಕಸಕ್ಕೆ, ಪ್ಲಾಸ್ಟಿಕ್ಕಿಗೆ ಬೆಂಕಿ ಬೇಡ. ಉಬ್ಬಸ ಇದ್ದವರು ಇನ್ಹೇಲರ್ ಇಲ್ಲದೆ ಹೊಸ್ತಿಲು ದಾಟಬಾರದು.

ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗದು. ಊರಿನಲ್ಲಿ ಗಾಡಿ ಒಂದೂ ಹೆಚ್ಚದಿದ್ದರೂ, ಸೆಕೆ ಏರಿದರೆ ಸಾಕು, ಅದೇ ಹೊಗೆಯಿಂದ ಹೆಚ್ಚು ಓಝೋನ್ ಹುಟ್ಟಬಹುದು. ಬೇಸಿಗೆ ವರ್ಷವರ್ಷಕ್ಕೆ ಸುಡುತ್ತಿದೆ. ಬಿಸಿಲನ್ನು ಇಳಿಸುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಹೊಗೆಯನ್ನು ಇಳಿಸುವುದು ಸ್ವಲ್ಪವಾದರೂ ನಮ್ಮ ಕೈಯಲ್ಲೇ ಇದೆಯಲ್ಲವೇ?