ನಿಶಾನೆಯೂ ಜೋಡುಕರೆಯೂ

ಮನೆಯಲ್ಲಿ ಹನ್ನೆರಡು ಹದಿಮೂರರ ಪ್ರಾಯದ ಹುಡುಗನೊಬ್ಬನಿದ್ದರೆ ಆ ಮನೆಯ ಹಿರಿಯರಿಗೆ ಪರದೆಯ ಮೇಲಣ ಮೋಟಾರು ಓಟದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಕಾರು ಪರದೆಯಲ್ಲಿ ತಿರುಗುತ್ತದೆ. ಹುಡುಗನ ಮೈ ಚಾಪೆಯ ಮೇಲೆ ಓಲುತ್ತದೆ. ಊಟಕ್ಕೆ ಕರೆದ ತಾಯಿಗೆ ಅವನಿಂದ ಬರುವ ಉತ್ತರಗಳು ಎರಡು. ಒಂದು ದಿನ, “ಇಗೋ ಬಂದೆ” ಎಂದು ಆಟವನ್ನು ಇದ್ದಲ್ಲಿಯೇ ನಿಲ್ಲಿಸಿ ಎದ್ದು ಬರುತ್ತಾನೆ. ಇನ್ನೊಂದು ದಿನ, “ನಿಲ್ಲಿಸುವ ಹಾಗಿಲ್ಲಮ್ಮ, ಇದು ಆನ್‌ಲೈನ್” ಎನ್ನುತ್ತಾನೆ. ಸಾರು ಆರುತ್ತದೆ. ಈ ಎರಡನೆಯ ಉತ್ತರವನ್ನು ಹಿರಿಯರು ಹಟವೆಂದು ಬಗೆಯುವುದುಂಟು. ಪಾಪ, ಅದು ಹಟವಲ್ಲ. ಮೊದಲ ದಿನ ಅವನು ಒಬ್ಬನೇ ಓಡುತ್ತಿದ್ದ. ಅವನೆದುರು ಇದ್ದುದು ಯಂತ್ರ, ಇಲ್ಲವೆ ಗಡಿಯಾರ. ಎರಡನೆಯ ದಿನ ಅವನ ಜೊತೆಗೆ ಯಾವ ಯಾವ ಊರಿನವರೋ ಏಳೆಂಟು ಜನ ಓಡುತ್ತಿದ್ದಾರೆ. ಒಂದು ಮನೆಯ ಸಾರಿಗಾಗಿ ಅವರನ್ನೆಲ್ಲ ನಡುದಾರಿಯಲ್ಲಿ ನಿಲ್ಲಿಸುವುದು ಹೇಗೆ?

ಒಂಟಿಯಾಗಿ ಓಡುವುದಕ್ಕೆ ಎಷ್ಟು ಸ್ಥಾನ, ಪರರೊಡನೆ ಸೆಣಸುವುದಕ್ಕೆ ಎಷ್ಟು ಸ್ಥಾನ ಎಂಬ ಜಿಜ್ಞಾಸೆ ಇಂಥ ಆಟಗಳನ್ನು ತಯಾರಿಸುವವರನ್ನು ಬಹುಕಾಲದಿಂದ ಕಾಡಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯವರು ಇದನ್ನು ಕೇಳಿದರೆ ಮುಗುಳ್ನಕ್ಕಾರು. ಅವರ ಕೆಸರುಗದ್ದೆಗಳಲ್ಲಿ ಈ ಎರಡು ಬಗೆಯ ಓಟಗಳೂ ಒಂದೇ ದಿನ, ಒಂದೇ ನೀರಿನಲ್ಲಿ ನಡೆಯುತ್ತವೆ.

ಕಂಬಳವನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು. ಉದ್ದನೆಯ ಎರಡು ಓಟದ ಕಾಲುವೆಗಳು, ಅಕ್ಕಪಕ್ಕದಲ್ಲಿ. ಒಳಗೆ ಮರಳು, ಕೆಸರು, ಮೊಣಕಾಲಿನವರೆಗೆ ನೀರು. ಒಂದೊಂದಕ್ಕೂ ‘ಕರೆ’ ಎಂದು ಹೆಸರು. ಎರಡೂ ಸೇರಿದರೆ ‘ಜೋಡುಕರೆ’. ಹೊರಡುವ ತುದಿ ಗಂತು, ಮುಟ್ಟುವ ತುದಿ ಮಂಜೊಟ್ಟಿ. ಈ ಕರೆಗಳಿಗೆ ಜನರು ಇಟ್ಟಿರುವ ಹೆಸರುಗಳನ್ನು ನೋಡಬೇಕು. ಮೂಡುಬಿದಿರೆಯ ಒಂಟಿಕಟ್ಟೆಯಲ್ಲಿ, ಕಡಲಕೆರೆಯ ಬಳಿ ಇರುವುದು ಕೋಟಿ-ಚೆನ್ನಯ. (ಒಂಟಿಕಟ್ಟೆಯಲ್ಲಿ ಜೋಡುಕರೆ! ಸ್ಥಳನಾಮಗಳಿಗೂ ವಿನೋದಪ್ರಜ್ಞೆ ಇರುತ್ತದೆ.) ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ; ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದಲ್ಲಿ ಸೂರ್ಯ-ಚಂದ್ರ. ಪಕ್ಕಪಕ್ಕದಲ್ಲಿ ಸೆಣಸುವ ಎರಡು ದಾರಿಗಳಿಗೆ ರಾಮ-ರಾವಣ ಎಂದೋ ಭೀಮ-ದುರ್ಯೋಧನ ಎಂದೋ ಹೆಸರಿಡುವುದು ಸುಲಭವಾಗಿತ್ತು. ತುಳುನಾಡಿನವರು ಹಾಗೆ ಮಾಡಲಿಲ್ಲ. ಅಣ್ಣತಮ್ಮಂದಿರ ಹೆಸರನ್ನು, ಒಂದನ್ನು ಬಿಟ್ಟು ಇನ್ನೊಂದಿಲ್ಲದ ಜೋಡಿಗಳ ಹೆಸರನ್ನು ಆರಿಸಿಕೊಂಡರು.

ಹಗ್ಗ ಮತ್ತು ನೇಗಿಲಿನ ಓಟಗಳು ಸೆಣಸಿನ ಓಟಗಳು. ಒಂದು ಕರೆಯಲ್ಲಿ ಒಂದು ಜೊತೆ ಕೋಣ, ಪಕ್ಕದ ಕರೆಯಲ್ಲಿ ಇನ್ನೊಂದು ಜೊತೆ. ಮೊದಲು ಮಂಜೊಟ್ಟಿ ಏರಿದವರಿಗೆ ಗೆಲುವು. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಕನೆಹಲಗೆಯ ಮಾತು ಬೇರೆ. ಇಲ್ಲಿ ಓಟಗಾರನು ಕೋಣಗಳ ಹಿಂದೆ ಕಟ್ಟಿದ ಒಂದು ಮರದ ತುಂಡಿನ ಮೇಲೆ ಒಂದೇ ಕಾಲೂರಿ ನಿಲ್ಲುತ್ತಾನೆ. ಆ ತುಂಡಿಗೆ ರಂಧ್ರಗಳಿವೆ. ಕೋಣಗಳು ಧಾವಿಸಿದಂತೆ ನೀರು ಆ ರಂಧ್ರಗಳಿಂದ ಬಾಣದಂತೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ಆರೂವರೆ ಕೋಲಿನದೊಂದು, ಏಳೂವರೆ ಕೋಲಿನದೊಂದು. ನೀರು ಆ ಬಟ್ಟೆಯನ್ನು ಮುಟ್ಟಬೇಕು. ಪಕ್ಕದ ಕರೆಯಲ್ಲಿ ಯಾರಿದ್ದರೆ ಏನು, ಇಲ್ಲದಿದ್ದರೆ ಏನು? ಒಂದೇ ನಿಶಾನೆಯನ್ನು ನಾಲ್ಕು ಜೋಡಿಗಳು ಮುಟ್ಟಿದರೆ ನಾಲ್ಕಕ್ಕೂ ಸಮಾನ ಬಹುಮಾನ. ಒಬ್ಬನು ಗೆಲ್ಲಬೇಕಾದರೆ ಇನ್ನೊಬ್ಬನು ಸೋಲಲೇಬೇಕೆಂಬ ನಿಯಮ ಅಲ್ಲಿಲ್ಲ.

ಪರದೆಯ ಓಟವೂ ಆರಂಭದಲ್ಲಿ ಬಹುಮಟ್ಟಿಗೆ ಕನೆಹಲಗೆಯೇ ಆಗಿತ್ತು. ಜಪಾನಿನ ನಾಮ್ಕೋ ಸಂಸ್ಥೆ ೧೯೮೨ರಲ್ಲಿ ಹೊರತಂದ ‘ಪೋಲ್ ಪೊಸಿಷನ್’ ಎಂಬ ಆಟದಲ್ಲಿ ನಾಣ್ಯ ಹಾಕಿದವನು ಮೊದಲು ಒಂದು ಸುತ್ತನ್ನು ನಿಗದಿಯಾದ ಕಾಲದೊಳಗೆ ಮುಗಿಸಬೇಕಿತ್ತು. ಆಮೇಲೆ ಯಂತ್ರ ಓಡಿಸುವ ಕಾರುಗಳೊಡನೆ ಪಂದ್ಯ. ಐದೇ ವರ್ಷಗಳಲ್ಲಿ, ೧೯೮೭ರಲ್ಲಿ, ಅದೇ ಸಂಸ್ಥೆ ‘ಫೈನಲ್ ಲ್ಯಾಪ್’ ಎಂಬ ಆಟದಲ್ಲಿ ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ಎಂಟು ಮಂದಿಯನ್ನು ಒಟ್ಟಿಗೆ ಓಡಿಸಿತು. ಜೋಡುಕರೆ ಬಂದಿತು. ೧೯೯೨ರ ‘ಸೂಪರ್ ಮಾರಿಯೋ ಕಾರ್ಟ್’ನಲ್ಲಿ ಇನ್ನೊಂದು ಸೊಗಸಾದ ಉಪಾಯವಿತ್ತು. ಆಟಗಾರನು ಹಿಂದೆ ಓಡಿದ ಓಟವೇ ನೆರಳಿನ ರೂಪದಲ್ಲಿ ಅವನ ಪಕ್ಕದಲ್ಲಿ ಓಡುತ್ತದೆ. ನಿನ್ನೆಯ ತನ್ನೊಡನೆ ಇಂದಿನ ತಾನು! ಒಂಟಿತನವೂ ಉಳಿಯಿತು, ಪಕ್ಕದಲ್ಲಿ ಓಡುವವನೂ ದೊರೆತನು.

ಸೆಣಸಿನ ಓಟದಲ್ಲಿ ತೊಡಕುಗಳು ಹೆಚ್ಚು. ಇಬ್ಬರು ಒಂದೇ ಗಳಿಗೆಗೆ ಸಿದ್ಧರಾಗಬೇಕು. ಗಂತಿನಲ್ಲಿ ಈ ಜೊತೆ ನೆಟ್ಟಗೆ ನಿಂತಾಗ ಆ ಜೊತೆ ಮುಖ ತಿರುಗಿಸುತ್ತದೆ. ಅದನ್ನು ಸರಿಪಡಿಸುವಷ್ಟರಲ್ಲಿ ಇದು ಕೆದರಿ ನಿಲ್ಲುತ್ತದೆ. ಕಂಬಳ ರಾತ್ರಿಯನ್ನು ದಾಟಿ ಮರುದಿನದ ಬಿಸಿಲಿಗೆ ಬೀಳುವುದಕ್ಕೆ ಕೋಣಗಳ ಸಂಖ್ಯೆ ಎಷ್ಟು ಕಾರಣವೋ ಈ ಕಾಯುವಿಕೆಯೂ ಅಷ್ಟೇ ಕಾರಣ. ಆನ್‌ಲೈನ್ ಓಟದ ಹುಡುಗನೂ ಹೀಗೆಯೇ ಇತರರು ಬರಲೆಂದು ಪರದೆಯ ಜಗಲಿಯಲ್ಲಿ ಕಾದು ಕುಳಿತಿರುತ್ತಾನೆ. ಇನ್ನೊಂದು, ಸಮಬಲರನ್ನು ಹುಡುಕಬೇಕು. ಕಂಬಳದವರು ಹಿರಿಯ, ಕಿರಿಯ ಎಂದು ವಿಭಾಗಿಸಿದರು. ೨೦೧೭ರ ‘ಗ್ರಾನ್ ಟುರಿಸ್ಮೋ ಸ್ಪೋರ್ಟ್’ ಎಂಬ ಆಟ ಒಬ್ಬೊಬ್ಬನಿಗೂ ಎರಡು ಅಂಕಗಳನ್ನು ಕೊಟ್ಟಿತು: ಒಂದು ಚಾಲನೆಯ ಕೌಶಲಕ್ಕೆ, ಇನ್ನೊಂದು ನಡತೆಗೆ. ಪಕ್ಕದವನ ಕಾರಿಗೆ ಗುದ್ದಿ ಮುನ್ನುಗ್ಗುವವರು ಅಷ್ಟು ಮಂದಿ ಇದ್ದರೆಂದೇ ಅರ್ಥ. ಕರೆಯಲ್ಲಿಯೂ ಛಡಿಯೇಟಿನ ಆಕ್ಷೇಪ ಬಂದಿರುವುದು ಸುಮ್ಮನೆ ಅಲ್ಲ. ಪಕ್ಕದ ಕೋಣಗಳ ಉಸಿರು ಕಿವಿಗೆ ತಾಗಿದಾಗ ಕೈ ತಾನಾಗಿ ಏಳುತ್ತದೆ. ನಿಶಾನೆಯ ಬಟ್ಟೆಗೆ ಉಸಿರಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಜನ ಸೇರುವುದು ಸೆಣಸಿಗೆ. ಹಣವೂ ಅಲ್ಲಿಗೇ ಹರಿಯುತ್ತದೆ. ಆದುದರಿಂದ ಆಟ ತಯಾರಿಸುವವರು ಒಂಟಿ ಓಟವನ್ನು ಮೂಲೆಗೊತ್ತಿ, ಕ್ರಮೇಣ ಅದನ್ನು ಕೂಡ ದೂರದ ಯಂತ್ರಕ್ಕೆ ಗಂಟುಹಾಕಿದರು. ಪರಿಣಾಮ ಕಂಡುಬರಲು ತಡವಾಗಲಿಲ್ಲ. ೨೦೨೨ರ ಮಾರ್ಚಿಯಲ್ಲಿ ‘ಗ್ರಾನ್ ಟುರಿಸ್ಮೋ ೭’ರ ಸರ್ವರುಗಳು ಮೂವತ್ತು ಗಂಟೆಗಳಿಗೂ ಮಿಕ್ಕಿ ಸ್ತಬ್ಧವಾದವು. ಒಬ್ಬನೇ ಕುಳಿತು ಆಡುವವನಿಗೂ ಆಟದ ಬಹುಭಾಗ ಬಾಗಿಲು ಮುಚ್ಚಿತ್ತು. ಯೂಬಿಸಾಫ್ಟ್ ಸಂಸ್ಥೆಯ ‘ದಿ ಕ್ರೂ’ ಎಂಬ ಓಟದ ಗತಿ ಇದಕ್ಕಿಂತ ಕಡೆ. ೨೦೧೪ರಲ್ಲಿ ಬಂದ ಆ ಆಟದಲ್ಲಿ ಒಬ್ಬನೇ ಆಡಬಹುದಾದ ದೀರ್ಘವಾದ ಕಥೆಯೊಂದಿತ್ತು. ೨೦೨೪ರ ಮಾರ್ಚ್ ೩೧ರಂದು ಸರ್ವರುಗಳನ್ನು ಆರಿಸಿದರು. ಹಣ ಕೊಟ್ಟು ಕೊಂಡವನ ಬಳಿ ತಟ್ಟೆಯೊಂದು ಉಳಿಯಿತು, ಓಟ ಉಳಿಯಲಿಲ್ಲ. ಊರ ಜಾತ್ರೆ ನಿಂತಿತೆಂದು ಮನೆಯ ಅಂಗಳದಲ್ಲಿ ಮಕ್ಕಳು ಓಡುವುದನ್ನೂ ನಿಲ್ಲಿಸಿದಂತಾಯಿತು.

ಕಂಬಳಕ್ಕೂ ಇಂಥ ಗಳಿಗೆ ಬಂದದ್ದುಂಟು. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ನಿಷೇಧಿಸಿತು. ಅದರ ಬೆನ್ನಿಗೆ ೨೦೧೬ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಕಂಬಳಕ್ಕೆ ತಡೆ ಹಾಕಿತು. ಹಟ್ಟಿಯಲ್ಲಿದ್ದ ಕೋಣಕ್ಕೆ ಆಜ್ಞೆಯ ಅರಿವಿಲ್ಲ. ಅದರ ಹುರುಳಿ ಬೇಯಬೇಕು, ಮೈಗೆ ಎಣ್ಣೆ ತಿಕ್ಕಬೇಕು, ಮೈ ಜಡವಾಗದಂತೆ ನೋಡಿಕೊಳ್ಳಬೇಕು. ಆರಿಸಿಟ್ಟು ಬೇಕಾದಾಗ ಹೊತ್ತಿಸಲು ಅದು ಯಂತ್ರವಲ್ಲ. ಜೊತೆಗೊಂದು ಜೊತೆ ಓಡುವ ಸಂಭ್ರಮ ನಿಂತರೂ ಯಜಮಾನನಿಗೂ ಕೋಣಕ್ಕೂ ನಡುವಣ ದಿನನಿತ್ಯದ ಬಾಳು ನಿಲ್ಲುವಂತಿರಲಿಲ್ಲ. ಕಂಬಳ ಮರಳಿ ಬಂದುದಕ್ಕೆ ಬೀದಿಯ ಹೋರಾಟ, ೨೦೧೭ರ ರಾಜ್ಯದ ತಿದ್ದುಪಡಿ, ೨೦೨೩ರ ಮೇ ೧೮ರಂದು ಅದನ್ನು ಎತ್ತಿಹಿಡಿದ ಸಂವಿಧಾನ ಪೀಠದ ತೀರ್ಪು, ಇವೆಲ್ಲ ಕಾರಣ ಹೌದು. ಮರಳಿ ಬಂದಾಗ ಓಡಲು ಕೋಣಗಳಿದ್ದುವಲ್ಲ, ಅದಕ್ಕೆ ಕಾರಣ ಹಟ್ಟಿ.

ಒಂಟಿ ಓಟದ ಅಳತೆಯನ್ನು ಜೋಡಿ ಓಟಕ್ಕೆ ಹಚ್ಚಿದರೆ ಎಂಥ ಗೊಂದಲವಾಗುತ್ತದೆಂಬುದನ್ನು ೨೦೨೦ರಲ್ಲಿ ಜಗತ್ತೇ ಕಂಡಿತು. ಆ ವರ್ಷದ ಫೆಬ್ರವರಿ ಮೊದಲ ದಿನ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಭಾಗಾಕಾರ ಮಾಡಿ ನೂರು ಮೀಟರಿಗೆ ೯.೫೫ ಎಂದವು; ಉಸೇನ್ ಬೋಲ್ಟನ ೯.೫೮ರ ಪಕ್ಕದಲ್ಲಿ ಇರಿಸಿದವು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷೆಗೆ ಕರೆಯೂ ಬಂದಿತು. ಗೌಡರು ಹೋಗಲಿಲ್ಲ, ವೇಗದ ಹಿರಿಮೆಯನ್ನು ಕೋಣಗಳಿಗೆ ಒಪ್ಪಿಸಿದರು. ಎರಡೇ ವಾರಗಳಲ್ಲಿ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಆ ಲೆಕ್ಕವನ್ನೂ ಹಿಂದೆ ಹಾಕಿದಾಗ ಕರಾವಳಿಯವರಿಗೆ ಅದರಿಂದ ಆಶ್ಚರ್ಯವಾಗಲಿಲ್ಲ. ಒಂದು ಊರಿನ ಕರೆಯ ಉದ್ದ ಇನ್ನೊಂದು ಊರಿನದಲ್ಲ, ಕೆಸರಿನ ಹದವೂ ಬೇರೆ. ಗಡಿಯಾರ ಕಂಬಳಕ್ಕೆ ಬಂದುದು ಆ ಹೊತ್ತಿನ ಇಬ್ಬರಲ್ಲಿ ಯಾರು ಮುಂದೆ ಎಂದು ಹೇಳುವುದಕ್ಕೆ. ಬರ್ಲಿನ್ನಿನ ಕ್ರೀಡಾಂಗಣದೊಡನೆ ಮಾತಾಡುವುದಕ್ಕಲ್ಲ. ಊರೂರಿಗೆ ಒಂದೇ ಆಗಿರುವ ಅಳತೆ ಬೇಕೆಂದರೆ ಅದು ನಿಶಾನೆಯಲ್ಲಿದೆ. ಕಡಲಕೆರೆಯಲ್ಲಿ ಏಳೂವರೆ ಕೋಲೆಂದರೆ ವೇಣೂರಿನಲ್ಲಿಯೂ ಏಳೂವರೆ ಕೋಲೇ.

ಆದರೂ ಒಂದು ಸಂಗತಿ ಕಣ್ಣಿಗೆ ಬೀಳದಿರದು. ನೇಗಿಲು ಕಿರಿಯ ವಿಭಾಗದಲ್ಲಿ ಜೋಡಿಗಳು ಹತ್ತುಹತ್ತಾಗಿ ಬರುತ್ತವೆ, ಕನೆಹಲಗೆಗೆ ಬೆರಳೆಣಿಕೆಯಷ್ಟು. ಮರದ ತುಂಡಿನ ಮೇಲೆ ಒಂಟಿಕಾಲಲ್ಲಿ ನಿಂತು, ನೀರನ್ನು ನೆಟ್ಟಗೆ ಮೇಲಕ್ಕೆತ್ತುವ ವಿದ್ಯೆ ಕಲಿತವರು ಕೆಲವರೇ. ಹೊತ್ತು ಉಳಿಸಬೇಕೆಂಬ ಒತ್ತಾಯ ವರ್ಷ ವರ್ಷವೂ ಹೆಚ್ಚುತ್ತಿರುವಾಗ, ನಾಲ್ಕಾರು ಜೋಡಿಗಳಿಗಾಗಿ ಬಟ್ಟೆ ಕಟ್ಟುವುದೇಕೆ ಎಂದು ಲೆಕ್ಕದವನೊಬ್ಬನು ಕೇಳಬಹುದು. ಸಮಿತಿಯವರು ಇದುವರೆಗೆ ಆ ಲೆಕ್ಕಕ್ಕೆ ಕಿವಿಗೊಟ್ಟಿಲ್ಲ. ಕನೆಹಲಗೆಯ ಕೋಣಗಳು ಗಂತಿಗೆ ಇಳಿದವೆಂದು ಧ್ವನಿವರ್ಧಕ ಸಾರಿದೊಡನೆ ಚಹಾದಂಗಡಿಯಲ್ಲಿದ್ದವರು ಲೋಟ ಕೆಳಗಿಟ್ಟು ದಡಕ್ಕೆ ಬರುತ್ತಾರೆ. ಆ ಒಂದು ಓಟದಲ್ಲಿ ಯಾರೂ ಅಕ್ಕಪಕ್ಕ ನೋಡುವುದಿಲ್ಲ. ಎಲ್ಲರ ಕಣ್ಣೂ ಮೇಲೆ, ಬಟ್ಟೆ ಒದ್ದೆಯಾಯಿತೆ ಎಂದು.