ಕಂತು ಯಾರದು, ಮನೆಯ ಕೀಲಿ ಯಾರ ಕೈಯಲ್ಲಿ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜಮಾಅತ್‌ಗಳಲ್ಲಿ ಗಂಡ ಹೆಂಡಿರ ವ್ಯಾಜ್ಯ ಇತ್ಯರ್ಥಕ್ಕೆ ಬಂದಾಗ ಒಪ್ಪಂದದ ಕಾಗದ ಬರೆಯಲು ನನ್ನಂಥ ಮದ್ರಸಾ ಅಧ್ಯಾಪಕರನ್ನು ಕರೆಯುವ ವಾಡಿಕೆಯಿದೆ. ಅರಬಿ ಬಲ್ಲವನು, ಕನ್ನಡವನ್ನೂ ತಪ್ಪಿಲ್ಲದೆ ಬರೆಯುತ್ತಾನೆ ಎಂಬುದಷ್ಟೇ ಅದಕ್ಕೆ ಕಾರಣ. ಹಿಂದೆ ಆ ಕಾಗದಗಳಲ್ಲಿ ಮಹ್ರ್, ಒಡವೆ, ಮಕ್ಕಳು ಎಂಬ ಮೂರು ಸಂಗತಿಗಳಿರುತ್ತಿದ್ದವು. ಈಗ ನಾಲ್ಕನೆಯದೊಂದು ಸೇರಿದೆ, ಮಾತು ಆರಂಭವಾಗುವುದೂ ಅದರಿಂದಲೇ: ಸಂಘದ ಸಾಲದ ಕಂತು.

ನಮ್ಮ ಹಾವೇರಿ ಜಿಲ್ಲೆಗೆ ಈ ಕಂತಿನ ನೋವು ಹೊಸತಲ್ಲ. 2025ರ ಆರಂಭದಲ್ಲಿ ಕಿರು ಸಾಲದ ವಸೂಲಿಗಾರರ ಕಾಟ ತಾಳಲಾರದೆ ಈ ಜಿಲ್ಲೆಯ ಮಹಿಳೆಯರು ತಮ್ಮ ತಾಳಿಗಳನ್ನೇ ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳುಹಿಸಿದ್ದು ನಾಡಿಗೆಲ್ಲ ತಿಳಿದಿದೆ. ಅದೇ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಬಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಂದ ಪಡೆದ ಸಾಲ ಅದರಿಂದ ಮನ್ನಾ ಆಗಲಿಲ್ಲ. ‘ಸರ್ಕಾರ ಮನ್ನಾ ಮಾಡಿದೆ’ ಎಂದು ನಂಬಿ ಕಂತು ನಿಲ್ಲಿಸಿದವರನ್ನು ನಾನು ಇಂದಿಗೂ ಕಾಣುತ್ತೇನೆ.

ಈ ಸಾಲದ ಒಳಗುಟ್ಟನ್ನು ಅರಿಯದೆ ದಂಪತಿಗಳ ನ್ಯಾಯ ತೀರ್ಮಾನಿಸುವುದು ಕಷ್ಟ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳು ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಒಂದು ಕುಟುಂಬವೆಂದು ಎಣಿಸುತ್ತವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವುಳ್ಳ ಕುಟುಂಬಕ್ಕೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಆದಾಯ ಇಬ್ಬರದು, ಆದರೆ ಸಹಿ ಸಾಮಾನ್ಯವಾಗಿ ಪತ್ನಿಯದು. ಅನೇಕ ಕಡೆ ಅವಳ ಸಹಿಯ ಬೆನ್ನಿಗೆ ಗುಂಪಿನ ನೆರೆಹೊರೆಯ ಹೆಂಗಸರ ಹೊಣೆ. ದಂಪತಿಗಳು ಬೇರ್ಪಟ್ಟ ದಿನ ಕುಟುಂಬ ಎರಡಾಗುತ್ತದೆ, ಸಹಿ ಮಾತ್ರ ಅವಳ ಹೆಸರಿನಲ್ಲಿಯೇ ಉಳಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳ ಒಂದರಲ್ಲಿ ನಡೆದ ಪ್ರಕರಣವಿದು. ಪತ್ನಿಯ ಹೆಸರಿನ ಸಾಲದಿಂದ ಪತಿ ಸರಕು ಸಾಗಿಸುವ ಆಟೊ ಕೊಂಡಿದ್ದ. ಮನಸ್ತಾಪವಾಗಿ ಆಕೆ ಇಬ್ಬರು ಮಕ್ಕಳೊಂದಿಗೆ ತವರಿಗೆ ಹೋದಳು. ಆಟೊ ಅವನ ಬಳಿ, ದುಡಿಮೆ ಅವನದು. ಕಂತಿನ ದಿನ ಬಂದರೆ ಗುಂಪಿನ ಹೆಂಗಸರು ನಿಲ್ಲುತ್ತಿದ್ದುದು ಅವಳ ತಾಯಿಯ ಬಾಗಿಲಲ್ಲಿ. ಸಭೆಯಲ್ಲಿ ಹಿರಿಯರೊಬ್ಬರು, ‘ಸಹಿ ಅವಳದಲ್ಲವೇ, ಸಾಲವೂ ಅವಳದೇ’ ಎಂದರು.

ಸಾಲ ಕೊಟ್ಟವರ ಮುಂದೆ ಆ ಮಾತು ನಿಜ. ಆದರೆ ಪತಿ ಪತ್ನಿಯರ ನಡುವೆ ಅದು ನಿಜವಲ್ಲ. ಇಸ್ಲಾಮಿನಲ್ಲಿ ಪತ್ನಿಯ ಸೊತ್ತು ಪತ್ನಿಯದು, ಪತಿಯ ಸೊತ್ತು ಪತಿಯದು. ಮದುವೆಯಿಂದ ಅವು ಒಂದಾಗುವುದಿಲ್ಲ. ಹಾಗಿರುವಾಗ ಅವಳ ಹೆಸರಿನಲ್ಲಿ ತಂದ ಹಣವನ್ನು ಅವನು ಬಳಸಿದರೆ ಅಷ್ಟು ಮೊತ್ತಕ್ಕೆ ಅವನು ಅವಳ ಸಾಲಗಾರ. ಅಡವಿಟ್ಟ ಅವಳ ಒಡವೆಗೂ, ಬಾಕಿಯುಳಿದ ಮಹ್ರ್‌ಗೂ ಇದೇ ನ್ಯಾಯ. ಬಡ್ಡಿ ಹರಾಮ್ ಎಂದು ಉಪದೇಶಿಸಿ ಎದ್ದುಹೋಗುವುದು ಸುಲಭ. ಸಾಲ ತರುವಾಗ ಪತಿಗೆ ಹೇಳದ ಆ ಉಪದೇಶವನ್ನು ಕಂತು ಕಟ್ಟುವಾಗ ಪತ್ನಿಗೆ ಹೇಳುವುದನ್ನು ನಾನು ಒಪ್ಪಲಾರೆ.

ಇಂಥ ಸಭೆಗಳಲ್ಲಿ ನನಗೆ ನೆನಪಾಗುವುದು ಸಹೀಹ್ ಬುಖಾರಿಯಲ್ಲಿರುವ ಕಅಬ್ ಬಿನ್ ಮಾಲಿಕ್(ರ) ಅವರ ಪ್ರಸಂಗ. ಮಸೀದಿಯಲ್ಲಿ ಅವರು ತಮ್ಮ ಸಾಲಗಾರನನ್ನು ಬಾಕಿ ಕೇಳಿದಾಗ ಇಬ್ಬರ ದನಿಯೂ ಏರಿತು. ಪ್ರವಾದಿ(ಸ) ತಮ್ಮ ಕೋಣೆಯ ಪರದೆ ಸರಿಸಿ, ಅರ್ಧವನ್ನು ಬಿಟ್ಟುಬಿಡುವಂತೆ ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದೊಡನೆ ಸಾಲಗಾರನತ್ತ ತಿರುಗಿ, ಎದ್ದು ಉಳಿದುದನ್ನು ತೀರಿಸುವಂತೆ ಆಜ್ಞಾಪಿಸಿದರು. ನಮ್ಮ ಪಂಚಾಯಿತಿಗಳು ಈ ಪ್ರಸಂಗದ ಮೊದಲರ್ಧವನ್ನು ಮಾತ್ರ ಕಲಿತಂತಿವೆ. ‘ಬಿಟ್ಟುಬಿಡಮ್ಮ’ ಎಂದು ಹೆಣ್ಣಿಗೆ ಹೇಳುವವರು ಹಲವರು, ‘ಎದ್ದು ಕೊಡಪ್ಪ’ ಎಂದು ಗಂಡಿಗೆ ಹೇಳುವವರು ವಿರಳ.

ಇನ್ನು ಮನೆ. ಸೂರಃ ಅತ್ತಲಾಖ್‌ನ ಮೊದಲ ವಚನವು, ಸ್ಪಷ್ಟ ದುರ್ನಡತೆಯ ಸಂದರ್ಭವೊಂದನ್ನು ಬಿಟ್ಟರೆ, ತಲಾಖ್ ಕೊಟ್ಟ ಬಳಿಕವೂ ಇದ್ದಾ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. ಅಲ್ಲಿರುವ ಪದ ‘ಬುಯೂತಿಹಿನ್ನ’, ಎಂದರೆ ‘ಆ ಸ್ತ್ರೀಯರ ಮನೆಗಳು’. ಹಕ್ಕುಪತ್ರ ಯಾರ ಹೆಸರಿನಲ್ಲಿಯೇ ಇರಲಿ, ಕುರ್‌ಆನ್ ಆ ಮನೆಯನ್ನು ಅವಳದೆಂದು ಕರೆದಿದೆ. ವ್ಯಾಕರಣ ಓದಿದವನಿಗೆ ಆ ಷಷ್ಠೀ ವಿಭಕ್ತಿಯೊಂದೇ ಸಾಕು! ತಲಾಖ್ ಆದವಳಿಗೇ ಇಷ್ಟು ಹಕ್ಕಿರುವಾಗ, ತಲಾಖ್ ಆಗದೆ ಕೇವಲ ಮುನಿದು ದೂರವಾಗಿರುವ ಪತ್ನಿಯ ವಾಸ, ನಿರ್ವಹಣೆಗಳ ಬಗ್ಗೆ ಸಂಶಯವೇಕೆ? ನಮ್ಮ ರೂಢಿ ಇದಕ್ಕೆ ತಿರುವುಮುರುವು. ಸಿಟ್ಟು ಬಂದ ಮೊದಲ ಸಂಜೆಯೇ ಅವಳನ್ನು ತವರಿಗೆ ಬಿಟ್ಟು ಬರುತ್ತೇವೆ, ಮನೆಗೆ ಬೀಗ ಬೀಳುತ್ತದೆ. ಸೂರಃ ಅನ್ನಿಸಾದ 129ನೆಯ ವಚನ ಎಚ್ಚರಿಸುವ ‘ತೂಗಾಡುವ’ ಸ್ಥಿತಿ ಇದೇ: ಇತ್ತ ಸಂಸಾರವಿಲ್ಲ, ಅತ್ತ ಬಿಡುಗಡೆಯೂ ಇಲ್ಲ.

ದೇಶದ ಕಾನೂನೂ ಇಲ್ಲಿ ಅವಳ ಪರವಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೆಯ ಕಲಮಿನಂತೆ, ಒಡೆತನವಿಲ್ಲದಿದ್ದರೂ ಕೂಡಿ ಬಾಳಿದ ಮನೆಯಲ್ಲಿ ಪತ್ನಿಗೆ ವಾಸದ ಹಕ್ಕಿದೆ. ಅತ್ತೆ ಮಾವಂದಿರ ಹೆಸರಿನ ಮನೆಯೂ ಅಂಥ ಮನೆಯಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. ಗ್ರಾಮಗಳಲ್ಲಿ ವಸತಿ ಯೋಜನೆಯ ಎಷ್ಟೋ ಮನೆಗಳು ಪತ್ನಿಯ ಹೆಸರಿನಲ್ಲಿಯೇ ಇರುತ್ತವೆ. ಆದ್ದರಿಂದ ವಾದಕ್ಕೆ ಕೂರುವ ಮುನ್ನ ಪಂಚಾಯಿತಿಯಿಂದ ನಮೂನೆ 9 ಮತ್ತು 11 ತರಿಸಿರೆಂದು ನಾನು ಹೇಳುವುದುಂಟು. ಕಾಗದ ಬಂದ ಮೇಲೆ ಹಲವರ ದನಿ ತಗ್ಗುತ್ತದೆ.

ಆಟೊ ಪ್ರಕರಣದಲ್ಲಿ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಿದೆವು. ಕುರ್‌ಆನ್ ಕಲಿಸುವ ವಿಧಾನವೂ ಅದೇ. ಮೊದಲು ಸಾಲಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆವು: ಯಾರು ಸಹಿ ಹಾಕಿದರು, ಹಣ ಎಲ್ಲಿಗೆ ಹೋಯಿತು, ಇನ್ನೆಷ್ಟು ಬಾಕಿ. ಎರಡು ಕಂತುಗಳ ಹಣ ಅವಳ ಅಣ್ಣನ ಚಿಕಿತ್ಸೆಗೆ ಹೋಗಿದ್ದುದು ಆಗ ಹೊರಬಂದಿತು. ಅಷ್ಟನ್ನು ಅವಳೇ ಹೊತ್ತಳು. ಉಳಿದುದನ್ನು ಅವನು ನೇರವಾಗಿ ಸಂಸ್ಥೆಗೆ ಕಟ್ಟಿ ರಸೀದಿಯನ್ನು ಅವಳ ಕೈಗೆ ಕೊಡಬೇಕೆಂದು ಬರೆದೆವು. ನಮ್ಮ ಕಾಗದ ಸಾಲ ಕೊಟ್ಟವರನ್ನು ಕಟ್ಟಿಹಾಕದು; ಕಂತು ತಪ್ಪಿದರೆ ಕೆಡುವುದು ಅವಳ ಹೆಸರೇ. ಆದ್ದರಿಂದ ಶಾಖೆಗೂ ಒಂದು ಪ್ರತಿ ಹೋಯಿತು. ಸತತವಾಗಿ ಎರಡು ಬಾರಿ ಕಂತು ತಪ್ಪಿದರೆ ಆಟೊ ಮಾರಿ ಸಾಲ ತೀರಿಸಬೇಕೆಂಬ ಮಾತಿಗೆ ಅವನು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಒಪ್ಪಿದ.

ಮಕ್ಕಳ ಶಾಲೆ ಅದೇ ಊರಿನಲ್ಲಿದ್ದುದರಿಂದ ಅವಳು ಆ ಮನೆಗೇ ಮರಳಿದಳು. ಅವನು ಅಣ್ಣನ ಮನೆಯಲ್ಲಿದ್ದಾನೆ. ತಲಾಖ್‌ನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ತಿಂಗಳು ರಸೀದಿ ಕೊಡಲು ಅವನೇ ಬಾಗಿಲಿಗೆ ಬರುತ್ತಾನೆ, ಮಕ್ಕಳೊಂದಿಗೆ ಸ್ವಲ್ಪ ಹೊತ್ತು ಇದ್ದು ಹೋಗುತ್ತಾನೆಂದು ಕೇಳಿದ್ದೇನೆ.